ಎದೆ ಮುಟ್ಟಿ ಎಣಿಸುವ ಮೇಷ್ಟ್ರು

ಕೊಚ್ಚಿ ಮತ್ತು ತಿರುವನಂತಪುರದ ಕಾಲೇಜುಗಳಲ್ಲಿ ಮೂವತ್ತು ವರ್ಷ ತತ್ತ್ವಶಾಸ್ತ್ರ ಬೋಧಿಸಿ ಈಗ ನಿವೃತ್ತರಾಗುತ್ತಿರುವ ಪ್ರೊ. ಚಂದ್ರಹಾಸ ಬಲ್ಲಾಳರನ್ನು ವಿದ್ವಾಂಸರು ಗುರುತಿಸುವುದು ಒಂದೇ ಪ್ರಶ್ನೆಯಿಂದ: ‘ನಾನು ಇದ್ದೇನೆ’ ಎಂಬ ಅರಿವಿಗೆ ಬೇರೆ ಸಾಕ್ಷಿ ಬೇಕೆ? ಸಂದೇಹಪಡುವುದಕ್ಕಾದರೂ ಒಬ್ಬ ಇರಬೇಕಲ್ಲ ಎನ್ನುವ ಪಕ್ಷವನ್ನೂ, ಸಂದೇಹವಿದೆ ಎಂದ ಮಾತ್ರಕ್ಕೆ ಅದಕ್ಕೊಬ್ಬ ಯಜಮಾನನಿದ್ದಾನೆಂದು ಹೇಗೆ ಹೇಳುತ್ತೀರಿ ಎನ್ನುವ ಬೌದ್ಧರ ಪಕ್ಷವನ್ನೂ ಒಂದೇ ಹುರುಪಿನಿಂದ ವಾದಿಸಿ, ಗಂಟೆ ಹೊಡೆದ ಕೂಡಲೇ ತೀರ್ಪು ಕೊಡದೆ ಎದ್ದು ಹೋಗುತ್ತಿದ್ದ ಅವರ ಮೇಲೆ ನಮಗೆ ಬರುತ್ತಿದ್ದ ಸಿಟ್ಟು ಅಷ್ಟಿಷ್ಟಲ್ಲ. ಅವರ ಸಂಶೋಧನೆಯ ಕುರಿತು ಈ ಅಭಿನಂದನ ಸಂಪುಟದಲ್ಲಿ ಬಲ್ಲವರು ಬರೆದಿದ್ದಾರೆ. ನಾನು ಅವರ ಒಂದು ಎಣಿಕೆಯ ಬಗ್ಗೆ ಮಾತ್ರ ಬರೆಯುತ್ತೇನೆ.

ತಂದೆಯವರಿಗೆ ಬ್ಯಾಂಕಿನಲ್ಲಿ ವರ್ಗವಾಗಿ ನಾವು ಗದಗಿನಿಂದ ಎರ್ನಾಕುಲಕ್ಕೆ ಬಂದಾಗ ನನಗೆ ಮಲಯಾಳದ ಗಂಧಗಾಳಿ ಇರಲಿಲ್ಲ. ಬಿ.ಎ. ತತ್ತ್ವಶಾಸ್ತ್ರದ ತರಗತಿಯಲ್ಲಿ ನಾವಿದ್ದದ್ದು ಒಂಬತ್ತು ಮಂದಿ. ಪಾಠ ಇಂಗ್ಲಿಷಿನಲ್ಲಿ, ನಗುವುದೆಲ್ಲ ಮಲಯಾಳದಲ್ಲಿ. ಎಲ್ಲರೂ ನಕ್ಕ ಮೇಲೆ ನಾನೂ ನಗುತ್ತಿದ್ದೆ. ಕಾಸರಗೋಡಿನವರಾದ ಮೇಷ್ಟ್ರು ಎದುರಾದಾಗಲೆಲ್ಲ ಕನ್ನಡದಲ್ಲಿ ಊಟ ಆಯಿತೇ ಎಂದು ಕೇಳುತ್ತಿದ್ದರು, ನಿಜ. ಆದರೆ ಅಷ್ಟರಿಂದ ದಿನ ಹೋಗುತ್ತದೆಯೇ? ಓದು ಬಿಟ್ಟು ಗದಗಿಗೆ ಮರಳುವುದೆಂದು ಮನಸ್ಸಿನಲ್ಲೇ ತೀರ್ಮಾನಿಸಿದ್ದೆ.

ಆ ವಾರ ಅವರು ಪಾಠ ಮಾಡಿದ್ದು ವೇದಾಂತದಲ್ಲಿ ಬರುವ ಹತ್ತನೆಯವನ ಕಥೆ. ಹೊಳೆ ದಾಟಿದ ಹತ್ತು ಜನರಲ್ಲಿ ಪ್ರತಿಯೊಬ್ಬನೂ ತನ್ನನ್ನು ಬಿಟ್ಟು ಎಣಿಸಿ, ಒಬ್ಬ ಮುಳುಗಿದನೆಂದು ಅಳುತ್ತಾನೆ; ದಾರಿಹೋಕನೊಬ್ಬ ಬಂದು ‘ಹತ್ತನೆಯವನು ನೀನೇ’ ಎನ್ನುತ್ತಾನೆ. ಈ ಕಥೆ ಹೇಳಿ ಹೇಳಿ ಮೇಷ್ಟ್ರಿಗೆ ಒಂದು ಅಭ್ಯಾಸವೇ ಅಂಟಿಕೊಂಡಿತ್ತು. ಏನನ್ನು ಹಂಚುವುದಿದ್ದರೂ, ಯಾರನ್ನು ಎಣಿಸುವುದಿದ್ದರೂ ಮೊದಲು ತಮ್ಮ ಎದೆ ಮುಟ್ಟಿಕೊಂಡು ‘ಒಂದು’ ಎಂದೇ ಎಣಿಕೆ ಶುರು ಮಾಡುತ್ತಿದ್ದರು.

ಅದೇ ಶನಿವಾರ ಅವರು ನಮ್ಮನ್ನು ಬೋಟಿನಲ್ಲಿ ಫೋರ್ಟ್ ಕೊಚ್ಚಿಗೆ ಕರೆದುಕೊಂಡು ಹೋದರು. ಹಿಂತಿರುಗುವಾಗ ನಾನು ಹತ್ತಲಿಲ್ಲ. ಫೋನ್ ಆಫ್ ಮಾಡಿ ಜೆಟ್ಟಿಯ ಬೆಂಚಿನ ಮೇಲೆ ಕುಳಿತು, ಯಾರಾದರೂ ತಿರುಗಿ ನೋಡುತ್ತಾರೇನೋ ಎಂದು ಕಾದೆ. ಯಾರೂ ನೋಡಲಿಲ್ಲ. ಬೋಟು ಹೊರಟೇ ಹೋಯಿತು. ವಲ್ಲಾರ್ಪಾಡಂ ಬಂದರಿನ ಕ್ರೇನುಗಳು ದೂರದಲ್ಲಿ ತಮ್ಮ ಪಾಡಿಗೆ ಹಡಗಿನ ಪೆಟ್ಟಿಗೆ ಎತ್ತುತ್ತಿದ್ದವು. ಅಷ್ಟು ಅಳು ನನಗೆ ಹಿಂದೆಂದೂ ಬಂದಿರಲಿಲ್ಲ.

ಆಚೆ ದಡದಲ್ಲಿ ನಡೆದದ್ದನ್ನು ಸಹಪಾಠಿ ಶಾಲಿನಿ ಆಮೇಲೆ ಹೇಳಿದಳು. ಇಳಿದ ಮೇಲೆ ಮೇಷ್ಟ್ರು ಎಣಿಸಿದರು, ಒಂಬತ್ತೇ ಆಯಿತು. ಹತ್ತು ಜನರ ಕಥೆ ಹೇಳಿದವರೇ ಸಿಕ್ಕಿಬಿದ್ದರೆಂದು ಹುಡುಗರಿಗೆ ಖುಷಿಯೋ ಖುಷಿ. “ಪತ್ತಾಮನ್ ಸಾರ್ ತನ್ನೆ!” ಹತ್ತನೆಯವರು ನೀವೇ ಸಾರ್ ಎಂದು ಮೊದಲು ಕೂಗಿದವಳು ಶಾಲಿನಿಯೇ. ಮೇಷ್ಟ್ರೂ ನಕ್ಕು ನಾಲ್ಕು ಹೆಜ್ಜೆ ನಡೆದರಂತೆ. ಆಮೇಲೆ ಗಕ್ಕನೆ ನಿಂತು ತಮ್ಮ ಎದೆಯನ್ನು ಮುಟ್ಟಿ ನೋಡಿಕೊಂಡು, ‘ನನ್ನನ್ನು ಸೇರಿಸಿಯೇ ಒಂಬತ್ತು!’ ಎಂದವರೇ ಮತ್ತೆ ಬೋಟಿಗೆ ಓಡಿದರಂತೆ.

“ಎಂತ ಮಾರಾಯ್ತಿ, ಇಲ್ಲಿ ಕೂತಿದ್ದಿ?” ಎಂದು ಏದುಸಿರು ಬಿಡುತ್ತಾ ಬಂದು ಪಕ್ಕದಲ್ಲಿ ಕುಳಿತರು.

“ನಾ ಬರ್ಲಿಲ್ಲಂದ್ರ ಯಾರಿಗೂ ಗೊತ್ತಾಗಂಗಿಲ್ಲ ಅನ್ಕೊಂಡಿದ್ದೆ ಸರ. ನಾ ಅದೀನಿ ಅಂತ ನನಗ ಗೊತ್ತೈತ್ರಿ, ನೀವು ಹೇಳಿದ್ದು ಖರೇನ. ಆದ್ರ ನನಗೊಬ್ಬಾಕಿಗೇ ಗೊತ್ತಿದ್ರ ಏನ್ ಬಂತ್ರಿ?”

ಅವರು ಎದ್ದು ಹೋಗಿ ಗಾಡಿಯಿಂದ ಚಹಾ, ಪಳಂಪೊರಿ ಎಂಬ ಬಾಳೆಹಣ್ಣಿನ ಬಜ್ಜಿ ತಂದುಕೊಟ್ಟು, “ಇದನ್ನು ಸೋಮವಾರ ಕ್ಲಾಸಿನಲ್ಲಿ ನೀನೇ ಕೇಳು ಇಂಚರಾ. ಕನ್ನಡದಲ್ಲೇ ಕೇಳು, ಅದನ್ನೇ ಎಲ್ಲರಿಗೂ ನಾನು ಮಲಯಾಳದಲ್ಲಿ ಹೇಳ್ತೇನೆ” ಎಂದರು.

ಕೇಳಿದೆ. ಆ ದಿನದ ಜಗಳ ಗಂಟೆ ಹೊಡೆದರೂ ನಿಲ್ಲಲಿಲ್ಲ. ಮಧ್ಯಾಹ್ನ ಶಾಲಿನಿ ತನ್ನ ಬುತ್ತಿ ಎತ್ತಿಕೊಂಡು ನನ್ನ ಬೆಂಚಿಗೆ ಬಂದಳು, ವಾದ ಮುಂದುವರಿಸುವುದಕ್ಕೆ. ಗದಗಿಗೆ ಹೋಗುವ ಮಾತನ್ನು ನಾನು ಮನೆಯಲ್ಲಿ ಎತ್ತಲೇ ಇಲ್ಲ.

ಮುಂದೆ ಮೇಷ್ಟ್ರಿಗೆ ತಿರುವನಂತಪುರಕ್ಕೆ ವರ್ಗವಾಯಿತು, ಎಂ.ಎ. ಓದಲು ನಾನೂ ಅಲ್ಲಿಗೇ ಹೋದೆ. ಭಾನುವಾರಗಳಂದು ಕಳಕ್ಕೂಟಂನ ಐಟಿ ಹುಡುಗರು ಅವರ ಮನೆಗೆ ಬಂದು, ‘ನಾನು’ ಎಂದು ಮಾತಾಡುವ ಯಂತ್ರಕ್ಕೂ ‘ನಾನು’ ಎಂಬ ಅರಿವು ಉಂಟೇ ಎಂದು ಅವರ ತಲೆ ತಿನ್ನುತ್ತಿದ್ದರು. ಅಲ್ಲಿಯೂ ತೀರ್ಪು ಸಿಗುತ್ತಿರಲಿಲ್ಲ. ಚಹಾ ಮಾತ್ರ ಎಲ್ಲರಿಗೂ ಸಿಗುತ್ತಿತ್ತು. ಇಂದು ನಾನೂ ಇದೇ ವಿಷಯ ಪಾಠ ಹೇಳುತ್ತಿದ್ದೇನೆ. ತರಗತಿಗೆ ಹೋದೊಡನೆ ಹಿಂದಿನ ಬೆಂಚುಗಳನ್ನು ಮೊದಲು ನೋಡುತ್ತೇನೆ.

ಕಳೆದ ತಿಂಗಳು ಅವರ ಬೀಳ್ಕೊಡುಗೆಗೆ ‘ಸದ್ಯ’ ಎನ್ನುವ ಕೇರಳದ ಬಾಳೆಯೆಲೆ ಊಟ. ಎಲೆ ಹಾಕುವುದು ತಾವೇ ಎಂದು ಹಟ ಹಿಡಿದು, ಒಬ್ಬೊಬ್ಬರ ಹೆಸರು ಹಿಡಿದು ಕರೆದು ಕೂರಿಸಿದರು. ಅನ್ನ ಬಡಿಸುವ ಹೊತ್ತಿಗೆ ನೋಡಿದರೆ ಎಲ್ಲರಿಗೂ ಎಲೆಯಿದೆ, ಅವರಿಗಿಲ್ಲ. ಅಷ್ಟು ವರ್ಷಗಳ ಅಭ್ಯಾಸ ಅಂದು ತಪ್ಪಿಹೋಗಿತ್ತು. ಬರಿಗೈಯಲ್ಲಿ ಪೆಚ್ಚಾಗಿ ನಿಂತಿದ್ದರು.

“ಪತ್ತಾಮನ್ ಸಾರ್ ತನ್ನೆ!” ಈ ಸಲ ಕೂಗಿದವಳು ನಾನು. ಶಾಲಿನಿ ಒಂದು ಕಡೆ, ನಾನು ಒಂದು ಕಡೆ ಸರಿದು ನಡುವೆ ಎಲೆ ಹಾಕಿದೆವು.

ಮೇಷ್ಟ್ರು ನೂರು ಕಾಲ ಬಾಳಲಿ, ‘ನಾನು ಇದ್ದೇನೆ’ ಎಂಬುದರ ಕುರಿತು ಬರೆಯುತ್ತ ಅರ್ಧಕ್ಕೆ ನಿಲ್ಲಿಸಿರುವ ಗ್ರಂಥವನ್ನು ಮುಗಿಸಲಿ, ತೀರ್ಪು ಕೊಡದಿದ್ದರೂ ಸರಿ. ಎಣಿಸುವ ಕೆಲಸ ಇನ್ನು ನಮ್ಮದು. ಅವರಿಂದಲೇ ಶುರು ಮಾಡುತ್ತೇವೆ.