ರೈಲು ನಿಂತುಹೋದ ಊರಿನ ಅಜ್ಜಿ

ಮೇಲಿನ ಫ್ಲಾಟಿನ ಗ್ರೀಕ್ ಅಜ್ಜಿ ಕೈ ಹಿಡಿದಳೆಂದರೆ ಇಕ್ಕಳ ಹಾಕಿದಂತೆ. ಗಂಟುಗಟ್ಟಿದ ಬೆರಳುಗಳು, ನಿಂಬೆಯ ವಾಸನೆ. ಆಫೀಸಿನಲ್ಲಿ ಅಂಗಿಯ ತೋಳು ಮಡಚಿದರೆ ನನ್ನ ಎಡ ಮಣಿಕಟ್ಟಿನ ಮೇಲೆ ಅವಳ ಉಗುರಿನ ಗುರುತು ಇನ್ನೂ ಇರುತ್ತಿತ್ತು.

ನಾವು ಲಂಡನ್ನಿನ ಇಲ್ಫರ್ಡಿಗೆ ಬಂದ ಹೊಸದು. ಒಂದು ಬೆಳಿಗ್ಗೆ ನಾನಿದ್ದ ರೈಲು ಸುರಂಗದ ಮಧ್ಯೆ ನಿಂತು ದೀಪ ಆರಿತು. ಸ್ವಲ್ಪ ಹೊತ್ತಿಗೆ ಹೊರಟಿತು ನಿಜ, ನನ್ನ ಜೀವ ಮಾತ್ರ ಅಲ್ಲೇ ಉಳಿಯಿತು. ಮರುದಿನ ಪ್ಲಾಟ್‌ಫಾರ್ಮಿನಿಂದಲೇ ವಾಪಸ್ ಬಂದೆ. ಅದರ ಮರುದಿನವೂ. ಡಾಕ್ಟರಾದ ನನ್ನ ಗಂಡ, "ದಿನಾ ಇಷ್ಟು ಮಂದಿ ಹೋಗ್ತಾರಲ್ಲ, ನಿನಗೇನಾಗೇದ?" ಎಂದು ತಮ್ಮ ಡ್ಯೂಟಿಗೆ ಹೊರಟರು. ನನ್ನ ಕೆಲಸ ಇನ್ನೂ ಕಾಯಂ ಆಗಿರಲಿಲ್ಲ. ಮತ್ತೊಂದು ದಿನ ತಪ್ಪಿಸಿದರೆ ಬರಲೇಬೇಡ ಎನ್ನುತ್ತಿದ್ದರು. ಬೂಟು ಹಾಕಿಕೊಂಡು ಮೆಟ್ಟಿಲ ಮೇಲೆ ಅಳುತ್ತಾ ಕೂತಿದ್ದಾಗ ಅಜ್ಜಿ ಇಳಿದು ಬಂದಳು. ಅವಳ ಹರಕು ಮುರುಕು ಇಂಗ್ಲಿಷ್ ನನ್ನ ಕಿವಿಗೆ ಧಾರವಾಡದ ಕನ್ನಡವಾಗಿಯೇ ಬೀಳುತ್ತಿತ್ತು.

"ಏಳವಾ. ನನಗೂ ಆ ಕಡೀಗೇ ಕೆಲಸ ಅದ."

ಏನು ಕೆಲಸವೋ! ನನ್ನನ್ನು ಆಫೀಸಿನ ಬಾಗಿಲಿಗೆ ಬಿಟ್ಟು, "ಕಿಟಕ್ಯಾಗ ಪ್ಯಾಟಿ ನೋಡ್ಕೋತ ಹೋಗ್ತೀನಿ" ಎಂದು ಬಸ್ಸು ಹತ್ತಿ ಹಿಂತಿರುಗುತ್ತಿದ್ದಳು. ಇಡೀ ಚಳಿಗಾಲ ಹೀಗೇ ನಡೆಯಿತು.

ರೈಲು ನೆಲದೊಳಕ್ಕೆ ಇಳಿಯುವ ಮೊದಲು ನನ್ನ ಮುಖಕ್ಕೆ ಥೂ ಥೂ ಥೂ ಎನ್ನುವಳು. ಅವರ ಊರಲ್ಲಿ ಕೆಟ್ಟ ದೃಷ್ಟಿ ತಾಗದಿರಲು ಹಾಗೆ ಮಾಡುತ್ತಾರಂತೆ. ನಮ್ಮಜ್ಜಿಯೂ ದೃಷ್ಟಿ ತೆಗೆಯುವಾಗ ಉಗುಳುತ್ತಿದ್ದವಳೇ, ನನಗೇನೂ ವಿಚಿತ್ರವೆನಿಸಲಿಲ್ಲ. ಎದುರಿನ ಸೂಟಿನವರು ಮಾತ್ರ ಕಾಲು ಹಿಂದೆಳೆದುಕೊಳ್ಳುತ್ತಿದ್ದರು. ಆಮೇಲೆ ನನ್ನ ಕೈ ಹಿಡಿದು ತನ್ನೂರಿನ ದಾರಿ ಹೇಳಲು ಶುರು. ಬಂದರಿನಿಂದ ಹೊರಡುವ ಪುಟ್ಟ ರೈಲು, ಒಣದ್ರಾಕ್ಷಿ ಸಾಗಿಸಲೆಂದೇ ಹಾಕಿದ ಹಳಿ, ನಿಂಬೆ ತೋಟ, ಸೇತುವೆ, ಬೆಟ್ಟದ ಮೇಲೊಂದು ಮುರುಕು ಕೋಟೆ. ಕೋಟೆಯಾದ ಮೇಲೆ ಒಮ್ಮೆಲೇ ಊರು! ರಸ್ತೆಯಾದಾಗ ರೈಲು ನಿಂತಿತಂತೆ. ಸ್ಟೇಷನ್ನು ಈಗ ಕಾಫಿ ಅಂಗಡಿ, ಭಾನುವಾರ ಬಸ್ಸೂ ಇಲ್ಲ. ಅಂಥ ಊರನ್ನು ಲಂಡನ್ನಿಗಿಂತ ದೊಡ್ಡದು ಮಾಡಿ ಹೇಳುವಳು.

ಒಂದು ದಿನ ರೈಲು ಮತ್ತೆ ಸುರಂಗದಲ್ಲಿ ನಿಂತಿತು. ಅಜ್ಜಿಯ ಮಾತೂ ಕೋಟೆಯ ಹತ್ತಿರ ನಿಂತುಹೋಯಿತು. ಕಣ್ಣು ಮುಚ್ಚಿದ್ದಳು, ತುಟಿ ನಡುಗುತ್ತಿತ್ತು. ಹೆದರಿಕೆ ತಡೆಯಲಾರದೆ ನಾನೇ ಮುಂದುವರಿಸಿದೆ.

"ಕ್ವಾಟಿ ದಾಟೇವಿ ಅಜ್ಜಿ, ಊರು ಬಂತು. ಸ್ಟೇಷನ್ ಬಂತು, ಇಳೀರಿ."

ರೈಲು ಹೊರಟಿತು. "ವಯಸ್ಸಾತವಾ, ಮರೀತೀನಿ" ಎಂದಳು.

ಹೋದ ವರ್ಷ ಅಜ್ಜಿ ತೀರಿಕೊಂಡಳು. ಮಣ್ಣು ಮಾಡಿದ ದಿನ ಅವಳ ಮಗಳಿಗೆ ಇದನ್ನೆಲ್ಲ ಹೇಳಿದೆ. ಮಗಳು ನಂಬಲಿಲ್ಲ.

"ಅಮ್ಮ ನೆಲದೊಳಗಿನ ರೈಲಿನಲ್ಲಾ? ಸಾಧ್ಯವೇ ಇಲ್ಲ. ನನ್ನ ಮದುವೆಗೂ ಬಸ್ಸಿನಲ್ಲೇ ಬಂದಳು."

ಕೋಟೆಗೂ ಊರಿಗೂ ನಡುವೆ ರೈಲಿನ ಒಂದು ಸುರಂಗವಿತ್ತಂತೆ. ಯುದ್ಧದ ಕಾಲದಲ್ಲಿ ಊರವರೆಲ್ಲ ಅದರೊಳಗೆ ಅಡಗಿದ್ದರು. ಆಗ ಪುಟ್ಟ ಹುಡುಗಿಯಾಗಿದ್ದ ಅಜ್ಜಿ ಕತ್ತಲಲ್ಲಿ ತಮ್ಮನ ಕೈ ಹಿಡಿದು ಕೂತಿದ್ದಳು. ಹೊರಗೆ ಬರುವ ಹೊತ್ತಿಗೆ ಆ ಕೈ ತಣ್ಣಗಾಗಿತ್ತು.

ನನಗೆ ಈಗಲೂ ಸುರಂಗವೆಂದರೆ ಭಯವೇ. ಬಂದರು, ನಿಂಬೆ ತೋಟ, ಸೇತುವೆ, ಕೋಟೆ ಎಂದು ನಾನು ನೋಡದ ಊರಿನ ದಾರಿಯನ್ನು ಮನಸ್ಸಿನಲ್ಲೇ ಹೇಳಿಕೊಳ್ಳುತ್ತೇನೆ. ಕೋಟೆ ಬಂದಾಗ ಎಡ ಮಣಿಕಟ್ಟನ್ನು ನಾನೇ ಗಟ್ಟಿಯಾಗಿ ಹಿಡಿದುಕೊಳ್ಳುತ್ತೇನೆ. ಅಷ್ಟು ಹೆದರುತ್ತಿದ್ದ ಅಜ್ಜಿ ದಿನವೂ ನನಗೋಸ್ಕರ ಕೆಳಗಿಳಿದಳು.