ಚಾಕ್‌ಪೀಸಿನಲ್ಲಿ ಬರೆದದ್ದು

ಟೈಲರನಿಗೆ ಬಾಯಿಪಾಠವಾಗಿದ್ದ ಮಾತು ಒಂದೇ: "ನಾಳೆ ಬನ್ನಿ, ರೆಡಿ ಇರುತ್ತೆ." ಆ ನಾಳೆಯ ಮುಖವನ್ನು ಗಿರಾಕಿಗಳು ಯಾರೂ ಕಂಡಿರಲಿಲ್ಲ. ಹೊಲಿಗೆಗೆ ಮಾತ್ರ ಯಾರೂ ಬೊಟ್ಟು ಮಾಡುವ ಹಾಗಿರಲಿಲ್ಲವಾದ್ದರಿಂದ ಗೊಣಗುತ್ತಲೇ ಮತ್ತೆ ಅವನ ಹತ್ತಿರವೇ ಬರುತ್ತಿದ್ದರು.

ಅಂಗಡಿಯ ಮೇಲಿನ ಕೋಣೆಯಲ್ಲಿ ಅವನ ಅಕ್ಕ ಇದ್ದಳು. ಕಣ್ಣು ಮಂಜಾಗಿ ಅವಳ ಓದುಬರಹ ನಿಂತುಹೋಗಿತ್ತು. ತಾನು ಬದುಕಿದ್ದನ್ನೆಲ್ಲ ಹೇಳುತ್ತೇನೆ, ಬರೆದಿಡು, ನಾಳೆ ಮಗಳಿಗೆ ಬೇಕಾಗುತ್ತದೆ ಎಂದು ಅವಳು ಕೇಳುವುದು, ಇವನು ಹೊಸ ವರ್ಷದಿಂದ ಖಂಡಿತ ಎನ್ನುವುದು, ಇದು ನಡೆದೇ ಇತ್ತು. ಈ ಸಲ ಮಾತ್ರ ವರ್ಷದ ಮೊದಲ ದಿನವೇ ದಪ್ಪ ರಟ್ಟಿನ ಪುಸ್ತಕವೊಂದನ್ನು ತಂದ.

"ಇನ್ಮೇಲೆ ಪ್ರತಿ ಭಾನುವಾರ ಬರೀತೀನಿ ಅಕ್ಕ. ತಪ್ಪಿಸಿದ್ರೆ ಕಿವಿ ಹಿಂಡು."

"ಹಿಂಡೋಕೆ ಕಿವಿ ಕೈಗೆ ಸಿಗಬೇಕಲ್ಲ," ಎಂದಳು ಅಕ್ಕ.

ಒಂದೆರಡು ಭಾನುವಾರ ಬರೆದ. ಆಮೇಲೆ ಭಾನುವಾರವೂ ಮಷೀನಿನ ಮುಂದೆಯೇ ಕೂತ. ಕಾದು ಕಾದು ಸಾಕಾಗಿ, ಒಂದು ಮಧ್ಯಾಹ್ನ ಅಕ್ಕ ತಾನೇ ಗೋಡೆ ಹಿಡಿದುಕೊಂಡು ಮೆಟ್ಟಿಲಿಳಿದು ಬಂದು, ಅವನು ಬಟ್ಟೆ ಕತ್ತರಿಸುವ ಮೇಜಿನ ಪಕ್ಕ ಕೂತಳು.

"ಒಂದು ವಿಷಯ ಹೇಳ್ಬೇಕು. ಒಂದೇ ಸಲ ಹೇಳೋದು. ಮತ್ತೆ ಕೇಳ್ಬೇಡ, ನನ್ನ ಕೈಲಾಗಲ್ಲ."

ಅದು ಅವಳ ಮೊದಲ ಮಗುವಿನ ಮಾತು. ಹುಟ್ಟಿ ತಿಂಗಳು ತುಂಬುವ ಮೊದಲೇ ಹೋದ ಆ ಕೂಸಿನ ಸುದ್ದಿಯನ್ನು ಮನೆಯಲ್ಲಿ ಯಾರೂ ಎತ್ತುತ್ತಿರಲಿಲ್ಲ; ಆಮೇಲೆ ಹುಟ್ಟಿದ ಮಗಳಿಗೆ ತನಗೊಬ್ಬ ಅಣ್ಣನಿದ್ದನೆಂದೇ ಗೊತ್ತಿರಲಿಲ್ಲ. ಯಾರಿಗೂ ಕೇಳಿಸದಂತೆ ತಾನೊಬ್ಬಳೇ ಅವನನ್ನು ಕರೆಯುತ್ತಿದ್ದ ಹೆಸರನ್ನೂ ಅಕ್ಕ ಹೇಳಿದಳು.

ಪುಸ್ತಕ ಮೇಲಿನ ಕೋಣೆಯಲ್ಲಿತ್ತು. ಎದ್ದು ಹೋದರೆ ಅವಳ ಮಾತು ನಿಂತುಬಿಡುತ್ತದೆ ಎಂದು ಹೆದರಿ, ಅಳತೆ ಗುರುತಿಸುವ ಕಂದು ಕಾಗದದ ಮೇಲೆ, ಕೈಯಲ್ಲಿದ್ದ ಚಾಕ್‌ಪೀಸಿನಲ್ಲೇ ಬರೆದುಕೊಂಡ. ಅದು ಅವನ ಕೆಲಸದ ರೀತಿ: ಮೊದಲು ಚಾಕ್‌ಪೀಸಿನ ಗುರುತು, ಆಮೇಲೆ ಕತ್ತರಿ. ಸಂಜೆ ಪುಸ್ತಕಕ್ಕೆ ಇಳಿಸಿದರಾಯಿತು ಎಂದು ಕಾಗದವನ್ನು ಸುತ್ತಿ ಮೂಲೆಯಲ್ಲಿ ನಿಲ್ಲಿಸಿದ. ಅಷ್ಟರಲ್ಲಿ ಶಾಲೆಯ ಯೂನಿಫಾರ್ಮುಗಳ ರಾಶಿ ಬಂದು ಬಿತ್ತು. ಆ ಸಂಜೆ ನಾಳೆಯಾಯಿತು, ನಾಳೆ ನಾಡಿದ್ದಾಯಿತು.

"ಇವತ್ತು ಮಗಳು ಬರ್ತಾಳೆ. ಅವಳಿಗೆ ಕೊಡೋ ಮೊದಲು ನನಗೊಂದ್ಸಲ ಓದಿ ಹೇಳು," ಎಂದು ಅಕ್ಕ ಮೇಲಿನಿಂದ ಕೂಗಿದಾಗ ಅವನು ಸುರುಳಿ ಬಿಚ್ಚಿದ. ಉಜ್ಜಿ ಉಜ್ಜಿ ಅಕ್ಷರಗಳೆಲ್ಲ ಬಿಳಿ ಪುಡಿಯಾಗಿದ್ದವು. ಕೊಡವಿದರೆ ಹೋಗಬೇಕು ಎಂದೇ ಅಲ್ಲವೇ ಟೈಲರು ಚಾಕ್‌ಪೀಸು ಹಿಡಿಯುವುದು? ಇಷ್ಟು ವರ್ಷ ಹಿಡಿದವನಿಗೆ ಅದು ಹೊಳೆಯಲಿಲ್ಲವೆಂದರೆ ಏನೆನ್ನಬೇಕು. ಅವನಿಗೆ ತನ್ನ ಮೇಲೆಯೇ ಹೇಸಿಗೆಯಾಯಿತು.

ಆದರೂ ಮೇಲೆ ಹೋಗಿ ಪುಸ್ತಕ ಬಿಡಿಸಿಕೊಂಡು, ಖಾಲಿ ಹಾಳೆ ನೋಡುತ್ತ ಓದುವವನಂತೆ ಶುರುಮಾಡಿದ. ಕೂಸಿಗೆ ಕೈಯಾರೆ ಹೊಲಿದೆನೆಂದು ಅಕ್ಕ ಅಂದು ಹೇಳಿದ್ದ ಅಂಗಿಯ ಹಳದಿ ಬಣ್ಣ, ಕುತ್ತಿಗೆಯ ನೆರಿಗೆ, ಭುಜದ ಮೇಲಿನ ಗುಂಡಿ, ಒಂದೂ ಬಿಡದೆ ಹೇಳಿದ. ಉಳಿದದ್ದನ್ನು ಹೇಗೋ ತೇಪೆ ಹಾಕಿದ. ಅಕ್ಕ ಕಣ್ಣು ಮುಚ್ಚಿ ಕೇಳಿದಳು.

"ಮಗು ಮಗು ಅಂತಿದ್ದೀಯ. ಹೆಸರೆಲ್ಲಿ?"

ಎಷ್ಟು ತಡಕಾಡಿದರೂ ಅದು ಅವನಿಗೆ ಸಿಗಲಿಲ್ಲ.

"ಅಳಿಸಿಹೋಯ್ತು ಅಕ್ಕ. ಚಾಕ್‌ಪೀಸಲ್ಲಿ ಬರೆದಿದ್ದೆ. ಇಷ್ಟೊತ್ತು ಓದಿದ್ದೂ ಸುಳ್ಳು. ತಪ್ಪಾಯ್ತು. ಹೆಸರೊಂದು ಹೇಳು, ಈಗಲೇ ಬರೀತೀನಿ."

ಅಕ್ಕ ಬಯ್ಯಲಿಲ್ಲ. ಬಯ್ದಿದ್ದರೆ ಅವನ ಜೀವಕ್ಕೆ ಎಷ್ಟೋ ಹಗುರಾಗುತ್ತಿತ್ತು. ಹೇಳಲೆಂದೇ ಬಾಯಿ ತೆರೆದಳು. ಕೊನೆಗೆ ಅಡ್ಡಡ್ಡ ತಲೆಯಾಡಿಸಿದಳು.

"ಆಗಲ್ಲ ಕಣೋ. ನಿನಗೆ ನೆನಪಿರೋ ಅಷ್ಟನ್ನೇ ಬರಿ."

ಕೆಳಗಿನಿಂದ ಅವಳ ಮಗಳ ದನಿ ಕೇಳಿತು: "ಮಾವ, ಅಂಗಡಿ ಹೀಗೇ ತೆರೆದಿಟ್ಟು ಎಲ್ಲಿಗೆ ಹೋದೆ?"

ಅವನು ಪೆನ್ನಿನ ಮುಚ್ಚಳ ತೆಗೆದು, ಅಂಗಿಯ ಬಣ್ಣದಿಂದ ಬರೆಯತೊಡಗಿದ.