ಕಂದು ಬ್ರೆಡ್ಡಿನ ಎರಡು ತಿಂಗಳು

ನಮ್ಮ ಕಡೆ ಬ್ರೆಡ್ ಅಂದರೆ ರೋಗಿಯ ಊಟ. ದವಾಖಾನೆಗೆ ಯಾರನ್ನಾದರೂ ನೋಡಲು ಹೊರಟರೆ ಕೈಯಲ್ಲಿ ಒಂದು ಬ್ರೆಡ್ ಪಾಕೀಟು, ನಾಲ್ಕು ಬಾಳೆಹಣ್ಣು ಇರಲೇಬೇಕು. ಗಟ್ಟಿಮುಟ್ಟಾದವರು ಜೋಳದ ರೊಟ್ಟಿ ತಿನ್ನುತ್ತಾರೆ. ಜ್ವರ ಬಂದವರು, ಆಪರೇಷನ್ ಆದವರು ಬ್ರೆಡ್ಡನ್ನು ಹಾಲಿನಲ್ಲಿ ಅದ್ದಿಕೊಂಡು ತಿನ್ನುತ್ತಾರೆ. ಹೀಗಾಗಿ ನಮ್ಮ ಮೊರಬದಂಥ ಊರಲ್ಲಿ ಬ್ರೆಡ್ ಹಿಡಿದುಕೊಂಡು ಬಸ್ ಸ್ಟ್ಯಾಂಡಿನಿಂದ ನಡೆದು ಬಂದರೆ, ಮನೆ ಮುಟ್ಟುವುದರೊಳಗೆ ಐದು ಮಂದಿ ತಡೆದು ಕೇಳುತ್ತಾರೆ, "ಯಾರಿಗೆ ಆರಾಮಿಲ್ರಿ?" ಈ ಪ್ರಶ್ನೆಗೆ ಹೆದರಿ ನಾನು ಹೇಳಿದ ಒಂದು ಸುಳ್ಳು ನಮ್ಮ ಯಜಮಾನರ ಕಾಲಿಗೆ ಕುತ್ತು ತಂದಿತು. ಹೇಳಿಬಿಡುತ್ತೇನೆ, ಹೊಟ್ಟೆಯಲ್ಲಿಟ್ಟುಕೊಂಡು ಸಾಕಾಗಿದೆ.

ಅವರು ಎರೆಹೊಲದ ರೈತರು. ನಾನು ಪಕ್ಕದ ಹಳ್ಳಿಯ ಪ್ರಾಥಮಿಕ ಶಾಲೆಯಲ್ಲಿ ಶಿಕ್ಷಕಿ. ಹೋದ ವರ್ಷ ಬದುವಿನ ಮೇಲೆ ಅವರ ಬಲಗಾಲಿನ ಕಿರುಬೆರಳಿಗೆ ಜಾಲಿಮುಳ್ಳು ನೆಟ್ಟಿತು. ನೆಟ್ಟಿದ್ದೇ ಅವರಿಗೆ ಗೊತ್ತಾಗಿರಲಿಲ್ಲ! ಬೆರಳು ಬಾತು, ಕೀವು ಸೋರಲು ಹತ್ತಿದ ಮೇಲೆ ನಾನೇ ಬೈದು ಹುಬ್ಬಳ್ಳಿಗೆ ಕರೆದುಕೊಂಡು ಹೋದೆ. ಡಾಕ್ಟರು ರಕ್ತ ತಪಾಸಣೆ ಮಾಡಿಸಿ, ಶುಗರ್ ಬಹಳ ಏರಿದೆ ಅಂದರು. ಎರಡು ತಿಂಗಳು ಗುಳಿಗೆ, ಪಥ್ಯ ಎರಡೂ ನೆಟ್ಟಗೆ ನಡೆಯಬೇಕು, ಶುಗರ್ ಇಳಿದರೆ ಗಾಯ ಮಾಯುತ್ತದೆ, ಇಳಿಯದಿದ್ದರೆ ಬೆರಳು ತೆಗೆಯಬೇಕಾಗುತ್ತದೆ ಎಂದು ಮುಖಕ್ಕೆ ಹೇಳಿದರು.

ತಿರುಗಿ ಬರುವಾಗ ಬಸ್ಸಿನಲ್ಲಿ ಯಜಮಾನರು ಕಿಟಕಿಯ ಕಡೆ ಮುಖ ಮಾಡಿಕೊಂಡೇ ಅಂದರು, "ಊರಾಗ ಯಾರ ಮುಂದೂ ಹೇಳಬ್ಯಾಡ. ಸಕ್ರಿ ಬ್ಯಾನಿ ಅಂದ್ರ ಮಂದಿ ಈಗಿಂದೀಗ ಮುದುಕನ್ನ ಮಾಡಿ ಮೂಲ್ಯಾಗ ಕುಂಡ್ರಸ್ತಾರ." ಆಯ್ತ್ರಿ ಅಂದೆ.

ಪಥ್ಯದ ಮಾತು ಬಂದಾಗ ನನಗೆ ನೆನಪಾದದ್ದು ಧಾರವಾಡದಲ್ಲಿರುವ ನನ್ನ ತಂಗಿಯ ಮಗಳು. ಅವಳು ಜಿಮ್ಮಿಗೆ ಹೋಗುವ ಹುಡುಗಿ. ಫೋನಿನಲ್ಲಿ ಕೇಳಿದರೆ, "ದೊಡ್ಡವ್ವ, ಕ್ಲೀನ್ ಡಯಟ್ ಚಾಲೂ ಮಾಡ್ರಿ. ಓಟ್ಸ್, ಸಲಾಡ್, ಮೊಳಕಿ ಕಾಳು. ಬ್ರೆಡ್ ತಿಂದ್ರ ಬ್ರೌನ್ ಬ್ರೆಡ್ ಅಷ್ಟ" ಅಂದಳು. ಪಾಪ, ಅವಳು ನಾಲ್ಕು ಹೇಳಿದರೆ ನಾನು ಹಿಡಿದುಕೊಂಡದ್ದು ಕೊನೆಯದನ್ನು. ಯಾಕೆ ಅಂತ ಈಗ ಒಪ್ಪಿಕೊಳ್ಳುತ್ತೇನೆ. ಮೂವತ್ತು ವರ್ಷ ಶಾಲೆಗೆ ಹೋಗುವ ಬಸ್ಸು ಬರುವ ಮೊದಲು ಒಲೆಯ ಮುಂದೆ ಕೂತು ರೊಟ್ಟಿ ಬಡಿದಿದ್ದೇನೆ. ಅತ್ತೆ, ಮಾವ, ಮೈದುನರು ಇದ್ದಾಗ ದಿನಕ್ಕೆ ಇಪ್ಪತ್ತೈದು ರೊಟ್ಟಿ. ಈಗ ಎಂಟೇ ಸಾಕು, ಆದರೆ ಮಣಿಕಟ್ಟು ಬಾತುಕೊಂಡು ಎಂಟೂ ಭಾರವಾಗಿದ್ದವು. ಬ್ರೌನ್ ಬ್ರೆಡ್ ಅಂದಾಗ ಅವರ ಶುಗರ್ ಎಷ್ಟು ನೆನಪಾಯಿತೋ, ನನ್ನ ಕೈಯೂ ಅಷ್ಟೇ ನೆನಪಾಯಿತು.

ಬಸ್ ಸ್ಟ್ಯಾಂಡಿನ ಹತ್ತಿರ ಒಬ್ಬ ಮುಸಲ್ಮಾನ ಕಾಕಾನ ಬೇಕರಿ ಇದೆ. ಅವರ ಅಜ್ಜನ ಕಾಲದ ಭಟ್ಟಿ. ನನ್ನನ್ನು ಕಂಡ ಕೂಡಲೇ ಕಾಕಾ ಎದ್ದು ನಿಂತರು. "ಬರ್ರಿ ಅಕ್ಕೋರ. ಖಾರಿ ಬಿಸ್ಕೀಟ ಕೊಡ್ಲ್ಯಾ?"

"ಬ್ರೌನ್ ಬ್ರೆಡ್ ಐತೇನ್ರಿ ಕಾಕಾ?"

"ಐತ್ರಿ." ಪಾಕೀಟು ತೆಗೆಯುತ್ತಾ ಅವರ ಕೈ ನಿಂತಿತು. "ಯಾಕ್ರಿ, ಮನ್ಯಾಗ ಯಾರಿಗರೆ ಆರಾಮಿಲ್ಲೇನು?"

ಬಂತಲ್ಲಪ್ಪ ಅಂದುಕೊಂಡೆ. "ಎಲ್ಲಾರೂ ಅಗದಿ ಆರಾಮ ಅದೀವ್ರಿ. ಚಾದ ಕೂಡ ತಿನ್ನಾಕ, ಅಷ್ಟ" ಅಂದು ಪಾಕೀಟನ್ನು ಶಾಲೆಯ ಚೀಲದಲ್ಲಿ ಪುಸ್ತಕಗಳ ಕೆಳಗೆ ತುರುಕಿಕೊಂಡೆ.

ಅಂದಿನಿಂದ ರೊಟ್ಟಿ ಬಡಿಯುವುದು ಬಂದ್. ಮುಂಜಾನೆ ನಾಲ್ಕು ತುಂಡು ಬ್ರೆಡ್, ಸಂಜೆ ನಾಲ್ಕು. ಜೊತೆಗೆ ಪಲ್ಯ, ಮೊಸರು. ಆರೋಗ್ಯಕ್ಕೆ ಒಳ್ಳೆಯದು ಅಂದಮೇಲೆ ಒಂದು ಹೆಚ್ಚಾದರೇನು ಎಂದು ಐದನೆಯದನ್ನೂ ನಾನೇ ತಾಟಿಗೆ ಹಾಕುತ್ತಿದ್ದೆ. ಹುಬ್ಬಳ್ಳಿಗೆ ಹೋದಾಗ ಇನ್ನೂ ಒಳ್ಳೆಯದಿರಲಿ ಎಂದು ಮೇಲೆ ಎಳ್ಳು, ಓಟ್ಸ್ ಉದುರಿಸಿದ ಮಲ್ಟಿಗ್ರೇನ್ ಬ್ರೆಡ್ ತಂದೆ. ರೊಟ್ಟಿ ತುಸು ಆರಿದ್ದರೂ ತಾಟು ಸರಿಸುತ್ತಿದ್ದ ಮನುಷ್ಯ ಇದನ್ನು ತುಟಿಪಿಟಕ್ಕೆನ್ನದೆ ತಿಂದರು. ರುಚಿ ಹತ್ತಿದೆ ಅಂದುಕೊಂಡೆ. ದಿನಾ ಗಾಯ ತೊಳೆದು ಪಟ್ಟಿ ಕಟ್ಟುವಾಗ, ಇವತ್ತು ತುಸು ಒಣಗಿದೆ ಎಂದು ನನಗೆ ನಾನೇ ಹೇಳಿಕೊಳ್ಳುತ್ತಿದ್ದೆ.

ಎಲ್ಲಿಯದು ಒಣಗುವುದು! ಎರಡು ತಿಂಗಳಿಗೆ ಮತ್ತೆ ದವಾಖಾನೆಗೆ ಹೋದಾಗ ಬೆರಳು ಕಪ್ಪಿಟ್ಟಿತ್ತು, ಶುಗರ್ ಮೊದಲಿಗಿಂತ ಹೆಚ್ಚಾಗಿತ್ತು. ಏನು ತಿನ್ನುತ್ತಾರೆ ಎಂದು ಡಾಕ್ಟರು ಕೇಳಿದರು. "ಬ್ರೌನ್ ಬ್ರೆಡ್ ರೀ ಸರ್" ಎಂದು ನಾನು ಎದೆ ಸೆಟೆಸಿ ಹೇಳಿದೆ. ಎಷ್ಟು ಅಂದರು. ಹೇಳಿದೆ. ಅವರು ಪೆನ್ನು ಕೆಳಗಿಟ್ಟರು. ಬ್ರೆಡ್ ಒಂದರಿಂದಲೇ ಆದದ್ದಲ್ಲ, ಗಾಯ ಹಳೆಯದು, ಆದರೆ ಅದು ಶುಗರ್ ಇಳಿಯಗೊಡಲಿಲ್ಲ ಎಂದು ಮೆಲ್ಲಗೇ ಹೇಳಿ, ಆಪರೇಷನ್ನಿಗೆ ದಿನ ಗೊತ್ತು ಮಾಡಿದರು.

ಬಸ್ಸಿಳಿದವಳೇ ಯಜಮಾನರನ್ನು ಮನೆಗೆ ಕಳಿಸಿ ಬೇಕರಿಗೆ ನುಗ್ಗಿದೆ. ಗಿರಾಕಿಗಳು ನಿಂತಿದ್ದರು, ನನಗೆ ಅದರ ಪರಿವೆ ಇರಲಿಲ್ಲ. "ಏನ್ರಿ ಕಾಕಾ, ಏನ್ ಹಾಕಿ ಮಾಡ್ತೀರಿ ಆ ಬ್ರೆಡ್? ನಮ್ಮವರ ಬೆರಳ ತೆಗೀಬೇಕ ಅನ್ನಾಕತ್ತಾರ!"

ಕಾಕಾನ ಮುಖ ಇಳಿದುಹೋಯಿತು. ನನ್ನನ್ನು ಒಳಗೆ ಕರೆದು ಸ್ಟೂಲ್ ಕೊಟ್ಟರು. "ಅಕ್ಕೋರ, ಅದು ಮೈದಾ ಹಿಟ್ಟ ರೀ. ಒಂದೀಟ ಗೋದಿ ಹಿಟ್ಟ ಹಾಕಿರ್ತೀನಿ. ಬಣ್ಣಕ್ಕ ಸಕ್ರಿ ಸುಟ್ಟು ಕರಿಕ ಮಾಡಿ ಹಾಕೂದು. ಕಂದಗ ಇದ್ದದ್ದೆಲ್ಲಾ ಗೋದಿ ಅಲ್ರಿ. ನನಗೂ ಹನ್ನೆರಡ ವರ್ಷದಿಂದ ಶುಗರ್ ಐತಿ. ನನ್ನ ಭಟ್ಟಿ ಬ್ರೆಡ್ ನಾ ಮುಟ್ಟೂದಿಲ್ಲ. ಎರಡೂ ಹೊತ್ತು ಮನ್ಯಾಗ ಜ್ವಾಳದ ರೊಟ್ಟಿ, ಅದೂ ಲೆಕ್ಕ ಹಾಕಿ ಎರಡ."

"ಮತ್ತ ನನಗ ಯಾಕ ಹೇಳ್ಲಿಲ್ರಿ?"

"ಕೇಳಿದ್ನಲ್ರಿ ಅಕ್ಕೋರ, ಯಾರಿಗರೆ ಆರಾಮಿಲ್ಲೇನು ಅಂತ. ಚಾದ ಕೂಡ ತಿನ್ನಾಕ ಅಂದ್ರಿ. ಶುಗರ್ ಅಂತ ಒಂದ ಮಾತ ಅಂದಿದ್ರ ನಾನ ಬ್ಯಾಡ ಅಂತಿದ್ದೆ." ಹೇಳುತ್ತಾ ಆ ಮನುಷ್ಯ ಕಣ್ಣು ಒರೆಸಿಕೊಂಡರು. ಜಗಳಾಡಲು ಹೋದವಳು ಎದ್ದು ಮನೆಯ ಹಾದಿ ಹಿಡಿದೆ.

ಮನೆಗೆ ಬಂದು ಚಾಳೀಸು ಕನ್ನಡಕ ಹಾಕಿಕೊಂಡು ಹುಬ್ಬಳ್ಳಿಯ ಮಲ್ಟಿಗ್ರೇನ್ ಪಾಕೀಟು ತಿರುಗಿಸಿದೆ. ಇರುವೆ ಸಾಲಿನಂಥ ಸಣ್ಣ ಅಕ್ಷರ. ಮೊದಲನೆಯದೇ ಮೈದಾ, ಆಮೇಲೆ ಸಕ್ಕರೆಯೂ ಇತ್ತು. ಎಳ್ಳು, ಓಟ್ಸು ಸಾಲಿನ ಬಾಲಕ್ಕೆ. ಮೂವತ್ತು ವರ್ಷ ಊರ ಮಕ್ಕಳಿಗೆ ಓದಲು ಕಲಿಸಿದವಳು, ನನ್ನ ಗಂಡನ ತಾಟಿಗೆ ಹಾಕಿದ್ದನ್ನು ಒಮ್ಮೆಯೂ ಓದಿರಲಿಲ್ಲ. ನನ್ನ ಕೆನ್ನೆಗೆ ನಾನೇ ಹೊಡೆದುಕೊಳ್ಳಬೇಕು ಅನ್ನಿಸಿತು.

ಬೆರಳು ಹೋಯಿತು. ಆಪರೇಷನ್ ಅಂದಮೇಲೆ ಗುಟ್ಟೂ ಉಳಿಯಲಿಲ್ಲ. ದವಾಖಾನೆಗೆ ನೋಡಲು ಬಂದವರು ಪದ್ಧತಿ ಬಿಡಲಿಲ್ಲ. ನಾಲ್ಕು ದಿನದಲ್ಲಿ ಮಂಚದ ಕೆಳಗೆ ಹನ್ನೊಂದು ಬ್ರೆಡ್ ಪಾಕೀಟು ಜಮಾ ಆದವು. ಒಂದನ್ನೂ ಬಿಚ್ಚಲಿಲ್ಲ.

ಮನೆಗೆ ಬಂದ ಮರುದಿನ ಮುಂಜಾನೆ ಒಲೆಯ ಮೇಲೆ ಹಂಚು ಇಟ್ಟು ರೊಟ್ಟಿ ಬಡಿಯಲು ಕೂತೆ. ಸಪ್ಪಳ ಕೇಳಿ ಯಜಮಾನರು ಕೋಲು ಊರಿಕೊಂಡು ಬಂದು, ಬ್ಯಾಂಡೇಜಿನ ಕಾಲು ಚಾಚಿ ನನ್ನ ಬಾಜೂ ಕೂತರು.

"ಬಿಡ ಇನ್ನ. ಕೈ ಬಾತೈತಿ ನಿಂದು."

"ಸುಮ್ನ ಕುಂದರ್ರಿ. ಆ ಸುಡುಗಾಡ ಬ್ರೆಡ್ ಹಾಕಿ ಹಾಕಿ ನಿಮ್ಮ ಬೆರಳ ಕಳದೆ. ಅದ್ಯಾವ ರುಚಿಗೆ ಅಷ್ಟ ತಿಂದ್ರಿ ನೀವರೆ?"

"ಎಲ್ಲೀ ರುಚಿ? ಹತ್ತಿ ತಿಂದಂಗ ಆಗ್ತಿತ್ತು. ತಿಂದ ತಾಸಿಗೆ ಮತ್ತ ಹಸಿವು, ಮೈಯೆಲ್ಲಾ ಸೋತಂಗ. ಇದು ನನಗ ಆಗಿಬರೂದಿಲ್ಲ ಅಂತ ಮೊದಲನೇ ವಾರದಾಗ ಗೊತ್ತಾಗಿತ್ತು."

ನನ್ನ ಕೈ ನಿಂತಿತು. "ಮತ್ತ ಬಾಯಿ ಬಿಟ್ಟು ಹೇಳಾಕ ಏನ ಧಾಡಿ ಆಗಿತ್ರಿ?"

ಅವರು ಒಲೆಯನ್ನೇ ನೋಡುತ್ತಾ ಅಂದರು, "ಆ ಎರಡ ತಿಂಗಳು ನೀ ಮುಂಜಾನೆ ಕಟ್ಟಿ ಮ್ಯಾಲ ಕುಂತು, ಬಿಸಲ ಕಾಸಿಕೋಂತ ಚಾ ಕುಡೀತಿದ್ದಿ. ಮದುವ್ಯಾದಾಗಿಂದ ನೀ ಕುಂತು ಚಾ ಕುಡಿದದ್ದ ನಾ ನೋಡಿದ್ದಿಲ್ಲ. ಹೇಳಿದ್ರ ಮತ್ತ ಒಲಿ ಮುಂದ ಬಂದು ಕುಂಡ್ರತಿದ್ದಿ."

ನನಗೆ ಎಲ್ಲಿಲ್ಲದ ಸಿಟ್ಟು ಬಂತು. "ತಲಿ ಕೆಟ್ಟೈತೇನ್ರಿ ನಿಮಗ? ಬೆರಳ ಕೊಟ್ಟು ಚಾ ಕುಡಿಸ್ತಾರೇನ್ರಿ ಯಾರರೆ? ನನಗ ಪುರುಸೊತ್ತು ಬೇಕಾಗಿದ್ರ ನನಗ ಬಾಯಿ ಇದ್ದಿಲ್ಲೇನು? ನಾನ ಕೇಳ್ತಿದ್ದೆ!"

"ಎಂದ ಕೇಳೀದಿ?" ಅಂದರು.

ಹಂಚಿನ ಮೇಲಿನ ರೊಟ್ಟಿ ಹೊತ್ತುತ್ತಿತ್ತು. ಹೊತ್ತಲಿ ಎಂದು ಬಿಟ್ಟು, ಹಿಟ್ಟಿನ ಕೈಯಿಂದಲೇ ಅವರ ಪಾದ ಹಿಡಿದುಕೊಂಡು ಬೋರಾಡಿ ಅತ್ತೆ.